ಹದಿನಾರೂ ಮುಕ್ಕಾಲು ಸುತ್ತು

ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ರೆಸಿಸ್ಟರ್ ಕೇಳಿದರೆ ಎಷ್ಟು ಓಮ್ ಎನ್ನುತ್ತಾರೆ. ಕೆಪ್ಯಾಸಿಟರ್ ಕೇಳಿದರೆ ಎಷ್ಟು ಪಿಎಫ್, ಎಷ್ಟು ವೋಲ್ಟ್ ಎನ್ನುತ್ತಾರೆ. ಇಂಡಕ್ಟರ್, ಅಂದರೆ ತಂತಿ ಸುತ್ತಿದ ಕಾಯಿಲ್, ಕೇಳಿದಿರೋ, ಕೆಟ್ಟಿರಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗದ ಬಿಡಿಭಾಗವೇ ಇಲ್ಲವೆಂಬ ಪ್ರತೀತಿ ಇದೆ. ಅಲ್ಲಿಯೂ ‘1.38 ಮೈಕ್ರೋಹೆನ್ರಿ ಕಾಯಿಲ್ ಕೊಡಿ’ ಎಂದರೆ ಕೌಂಟರಿನ ಹುಡುಗ ನಿಮ್ಮ ಮುಖವನ್ನೊಮ್ಮೆ, ಗಲ್ಲಾದ ಮೇಲೆ ಕೂತ ಯಜಮಾನರ ಮುಖವನ್ನೊಮ್ಮೆ ನೋಡಿ, ‘ಯಾವ ಮಿಷೀನ್‌ಗೆ ಸಾರ್?’ ಎಂದು ಕೇಳುತ್ತಾನೆ. ಆ ಮಿಷೀನು ಇನ್ನೂ ಹುಟ್ಟಿಲ್ಲ, ಇದನ್ನು ಹಾಕಿದ ಮೇಲೆಯೇ ಹುಟ್ಟಬೇಕು ಎಂದು ನೀವು ವಿವರಿಸಿ ಮುಗಿಸುವುದರೊಳಗೆ ಅವನು ಮೂರು ಜನಕ್ಕೆ ಚಾರ್ಜರ್ ಮಾರಿರುತ್ತಾನೆ.

ತಪ್ಪು ಅವನದಲ್ಲ. ಕೆಪ್ಯಾಸಿಟರುಗಳ ವಿಷಯದಲ್ಲಿ ಲೋಕವೆಲ್ಲ ಒಂದು ಒಪ್ಪಂದಕ್ಕೆ ಬಂದಿದೆ. 470 ಉಂಟು, 560 ಉಂಟು, 680 ಉಂಟು, 820 ಉಂಟು. ನಡುವಿನದು ಬೇಕೆಂದರೆ ಎರಡನ್ನು ಜೋಡಿಸಿಕೊಳ್ಳಿ. ಇಂಡಕ್ಟರಿನಲ್ಲೂ ರೆಸಿಸ್ಟರಿನ ಹಾಗೆ ಬಣ್ಣದ ಪಟ್ಟಿ ಬಳಿದುಕೊಂಡ ಪುಟ್ಟ ಚೋಕುಗಳು ಸಿಗುತ್ತವೆ, ನಿಜ. ಆದರೆ ಟ್ರಾನ್ಸ್‌ಮಿಟರಿನ ಬಾಯಲ್ಲಿ ಕೂರುವ ಫಿಲ್ಟರಿನಲ್ಲಿ, ವ್ಯಾಟುಗಟ್ಟಲೆ ಶಕ್ತಿ ಹರಿಯುವ ಕಡೆ ಅವನ್ನು ಕೂರಿಸಿದರೆ ಫಿಲ್ಟರ್ ಹೋಗಿ ಹೀಟರ್ ಆಗುತ್ತದೆ. ಅಮೆರಿಕದ ಎಡ್ ವೆದರ್‌ಹೋಲ್ಡ್ ಎಂಬ ಹವ್ಯಾಸಿ ರೇಡಿಯೊ ಪಂಡಿತರು ಇದನ್ನರಿತು ಲೆಕ್ಕವನ್ನೇ ತಿರುಗಿಸಿ ಹಾಕಿದರು. ಮೊದಲು ಅಂಗಡಿಯಲ್ಲಿ ಸಿಗುವ ಕೆಪ್ಯಾಸಿಟರುಗಳನ್ನು ಇಟ್ಟುಕೊಳ್ಳುವುದು, ಅವಕ್ಕೆ ಹೊಂದುವ ಇಂಡಕ್ಟರ್ ಎಷ್ಟೆಂದು ಆಮೇಲೆ ಕಂಡುಹಿಡಿಯುವುದು. ಅಂಥ ಫಿಲ್ಟರುಗಳ ಕೋಷ್ಟಕಗಳನ್ನೇ ಅವರು ಪ್ರಕಟಿಸಿದರು. ಇಂಡಕ್ಟರನ್ನು ಹೇಗಿದ್ದರೂ ಮನೆಯಲ್ಲಿ ಕೂತು ಸುತ್ತುವವನು ನೀನೇ ತಾನೆ, ಎಷ್ಟು ಬೇಕಾದರೂ ಸುತ್ತಿಕೋ ಎಂಬ ಉದಾರ ಧೋರಣೆ.

ಈ ಫಿಲ್ಟರ್ ಯಾಕೆ ಬೇಕು ಅಂದರೆ, ನೆರೆಹೊರೆಯವರ ಜೊತೆ ಚೆನ್ನಾಗಿರಬೇಕಲ್ಲ, ಅದಕ್ಕೆ. ಹ್ಯಾಮ್ ಎಂದು ಕರೆಸಿಕೊಳ್ಳುವ ನಮ್ಮಂಥ ಹವ್ಯಾಸಿಗಳು 7.1 ಮೆಗಾಹರ್ಟ್ಸಿನಲ್ಲಿ ಮಾತಾಡುತ್ತೇವೆ ಎಂದುಕೊಂಡಿರುತ್ತೇವೆ. ಟ್ರಾನ್ಸ್‌ಮಿಟರಿನ ಕೊನೆಯ ಟ್ರಾನ್ಸಿಸ್ಟರ್ ಮಾತ್ರ ನಮ್ಮ ಮಾತನ್ನು 14.2ರಲ್ಲೂ 21.3ರಲ್ಲೂ ಮೆಲ್ಲಗೆ ಹೇಳಿಬಿಡುತ್ತದೆ. ಗುಟ್ಟು ಉಳಿಯದ ಜಾತಿ ಅದು. ಹಾರ್ಮೋನಿಕ್ ಎಂದು ಕರೆಸಿಕೊಳ್ಳುವ ಈ ಬಾಲಗಳನ್ನು ಆಂಟೆನಾ ಹತ್ತುವ ಮೊದಲೇ ಕತ್ತರಿಸಬೇಕು. ಅಮೆರಿಕದ ನಿಯಮದ ಪ್ರಕಾರ ಅವು ಮೂಲ ಸಿಗ್ನಲ್‌ಗಿಂತ ಕನಿಷ್ಠ 43 ಡೆಸಿಬೆಲ್ ಕೆಳಗಿರಬೇಕು. ಅಂದರೆ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. 5 ವ್ಯಾಟಿನ ಪುಟ್ಟ ಟ್ರಾನ್ಸ್‌ಮಿಟರಿಗೆ ಅದು ಕಾಲು ಮಿಲಿವ್ಯಾಟ್.

ಅದಕ್ಕೆ ನಾಲ್ಕು ಕೆಪ್ಯಾಸಿಟರ್, ಮೂರು ಇಂಡಕ್ಟರ್ ಸಾಕು. ಇವತ್ತು ಕಂಪ್ಯೂಟರಿಗೆ ಇಷ್ಟು ಫ್ರೀಕ್ವೆನ್ಸಿ, ಇಷ್ಟು ಓಮ್ ಎಂದು ಹೇಳಿದರೆ ಕಣ್ಣು ಮಿಟುಕಿಸುವುದರಲ್ಲಿ ಬೆಲೆಗಳನ್ನೂ ಕೊಟ್ಟು, ಪಕ್ಕದಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟು ದಾಟುತ್ತದೆಂಬ ಒಂದು ಗೆರೆಯನ್ನೂ ಬರೆದು ತೋರಿಸುತ್ತದೆ. ಆ ಗೆರೆಯ ಅಂದವನ್ನು ಏನೆಂದು ಹೇಳಲಿ! 7.3ರವರೆಗೆ ಮೇಜಿನ ಹಾಗೆ ಮಟ್ಟಸ, ಆಮೇಲೆ ಸರ್ರನೆ ಪಾತಾಳ. ಅದರ ಕೆಳಗೆ ದಶಾಂಶದ ಮುಂದೆ ಆರು ಅಂಕಿಗಳೊಂದಿಗೆ ಇಂಡಕ್ಟರಿನ ಬೆಲೆ. ಆರನೆಯ ಅಂಕಿಯ ತನಕ ಸುತ್ತಬಲ್ಲ ಕೈ ಯಾರದೆಂಬುದನ್ನು ಮಾತ್ರ ಅದು ಹೇಳುವುದಿಲ್ಲ.

ಸುತ್ತುವುದು ಟೊರಾಯ್ಡ್ ಎಂಬ ಬಳೆಯ ಮೇಲೆ. ಕಬ್ಬಿಣದ ಅತಿ ನಯವಾದ ಪುಡಿಯನ್ನು ಅಂಟು ಹಾಕಿ ಒತ್ತಿ ಮಾಡಿದ ಬಳೆ, ಮೇಲೆ ಬಣ್ಣ. ಹ್ಯಾಮ್‌ಗಳ ಅಚ್ಚುಮೆಚ್ಚಿನ ಟಿ50-2 ಕೆಂಪು, ಟಿ50-6 ಹಳದಿ. 50 ಎಂದರೆ ಅಂಗುಲದ ನೂರರಲ್ಲಿ ಐವತ್ತು ಪಾಲು, ಅಂದರೆ ಅರ್ಧ ಅಂಗುಲದ ಹೊರವ್ಯಾಸ. ಕೆಂಪು ಬಳೆಗೆ ಒಂದು ಸುತ್ತಿಗೆ 4.9 ನ್ಯಾನೋಹೆನ್ರಿ, ಸುತ್ತು ಎರಡರಷ್ಟಾದರೆ ಹೆನ್ರಿ ನಾಲ್ಕರಷ್ಟು. ನಮಗೆ ಬೇಕಾದ 1.38 ಮೈಕ್ರೋಹೆನ್ರಿಗೆ ಲೆಕ್ಕ ಹಾಕಿದರೆ 16.78 ಸುತ್ತು ಬರುತ್ತದೆ. ಹದಿನಾರೂ ಮುಕ್ಕಾಲು ಎನ್ನಿ.

ಬಳೆಯ ಮೇಲೆ ಮುಕ್ಕಾಲು ಸುತ್ತು ಎಂಬುದು ಇಲ್ಲ. ತಂತಿ ತೂತಿನೊಳಗೆ ಒಮ್ಮೆ ತೂರಿತೋ, ಅದು ಒಂದು. ಸುಮ್ಮನೆ ನೇರವಾಗಿ ಹಾದುಹೋದರೂ ಒಂದೇ. ಹೊಸಬರು ಹೊರಗಡೆ ಕಾಣುವ ಸುತ್ತುಗಳನ್ನು ಎಣಿಸಿ ಒಂದು ಕಡಿಮೆ ಲೆಕ್ಕ ಹಾಕುತ್ತಾರೆ. ಹಳಬರು ಒಳಗಡೆಯದನ್ನು ಎಣಿಸುತ್ತಾರೆ. ಹದಿನಾರು ಸುತ್ತಿದರೆ 1.25, ಹದಿನೇಳು ಸುತ್ತಿದರೆ 1.42. ಬೇಕಾದ ಸಂಖ್ಯೆ ಇವೆರಡರ ನಡುವೆ ಸಿಕ್ಕಿಕೊಂಡು ನಮ್ಮನ್ನು ನೋಡಿ ನಗುತ್ತದೆ. ದಾರಿ ಇಲ್ಲದಿಲ್ಲ. ಹದಿನೇಳನ್ನು ಸುತ್ತಿ, ಸುತ್ತುಗಳನ್ನು ಬಳೆಯ ಉದ್ದಕ್ಕೂ ಒಂದಿಷ್ಟು ಹರಡಿದರೆ ಬೆಲೆ ಇಳಿಯುತ್ತದೆ, ಒತ್ತಾಗಿ ಸರಿಸಿದರೆ ಏರುತ್ತದೆ. ಆರು ಅಂಕಿಯ ಗಣಿತ ಕಟ್ಟಕಡೆಗೆ ಬಂದು ನಿಲ್ಲುವುದು ಹೆಬ್ಬೆರಳಿನ ಉಗುರಿನ ಹತ್ತಿರ.

ತಂತಿಯದು ಇನ್ನೊಂದು ಪ್ರಸಂಗ. ಎನಾಮಲ್ ಬಳಿದ ತಾಮ್ರದ ತಂತಿ ಒಳ್ಳೆಯದು ಸಿಗುವುದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ. ಸುಟ್ಟುಹೋದ ಪಂಪ್‌ಸೆಟ್ಟುಗಳ ನಡುವೆ, ವಾರ್ನಿಷ್ ವಾಸನೆಯಲ್ಲಿ ಕೂತ ನಮ್ಮ ಬೀದಿಯ ರಿವೈಂಡಿಂಗ್‌ನವರ ಹತ್ತಿರ 24 ಗೇಜ್ ತಂತಿ ಬೇಕು ಎಂದೆ.

‘ಎಷ್ಟು ಕೇಜಿ ಸಾರ್?’

‘ಒಂದು ಮೀಟರ್.’

ಅವರು ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟರು. ‘ಮೀಟರ್ ಲೆಕ್ಕಕ್ಕೆ ಕೊಡೋಕೆ ಇದೇನು ಬ್ಲೌಸ್ ಪೀಸಾ ಸಾರ್? ಯಾವ ಮೋಟಾರು?’

ಮೋಟಾರಲ್ಲ, ರೇಡಿಯೊ ಎಂದೆ. ಒಂದು ಕಾಯಿಲಿಗೆ ಒಂದಡಿಗಿಂತ ಸ್ವಲ್ಪ ಜಾಸ್ತಿ ತಂತಿ ಸಾಕು, ಮೂರಕ್ಕೆ ಒಂದು ಮೀಟರು ಹಿಡಿಯುತ್ತದೆ ಎಂದು ಲೆಕ್ಕ ಒಪ್ಪಿಸಿದೆ. ಅವರು ಕನಿಕರದಿಂದ ನೋಡಿ, ನೆಲದಲ್ಲಿ ಬಿದ್ದಿದ್ದ ತುಂಡೊಂದನ್ನು ಎತ್ತಿಕೊಟ್ಟು, ‘ದುಡ್ಡು ಬೇಡ, ಹೋಗಿ ಸಾರ್’ ಎಂದರು. ನನ್ನ ಮುಂದೆಯೇ ಐದು ಎಚ್‌ಪಿ ಮೋಟಾರಿನ ಸ್ಲಾಟುಗಳೊಳಗೆ ತಂತಿಯನ್ನು ಎಣಿಸದ ಹಾಗೆ ಎಣಿಸುತ್ತ ತುಂಬತೊಡಗಿದರು. ಸುತ್ತುವ ಕಸುಬಿನಲ್ಲಿ ನಾವಿಬ್ಬರೂ ಒಂದೇ ಕುಲದವರು ಎನ್ನುವ ನನ್ನ ಅಭಿಮಾನ ಅಲ್ಲೇ ಕರಗಿತು.

ಅವರ ತಂತಿಗೆ ಒಂದು ಗುಣವಿದೆ. ಮೋಟಾರಿನ ಕಾವನ್ನು ತಡೆಯಲೆಂದೇ ಬಳಿದ ಎನಾಮಲ್ ಅದು, ಸೋಲ್ಡರಿಂಗ್ ಐರನ್ನಿನ ಶಾಖಕ್ಕೆ ಜಗ್ಗುವುದಿಲ್ಲ. ತುದಿಗಳನ್ನು ಬ್ಲೇಡಿನಿಂದ ಸುತ್ತಲೂ ಹೆರೆದು, ಕಂದು ಬಣ್ಣ ಹೋಗಿ ಗುಲಾಬಿ ಬಣ್ಣದ ತಾಮ್ರ ಮಿನುಗುವ ತನಕ ಕೆರೆಯಬೇಕು. ಅರ್ಧ ಕೆರೆದರೆ ಬೆಸುಗೆ ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಕೈಗೆ ಬಂದದ್ದು ಇಂಡಕ್ಟರ್ ತಾನೆ ಎಂದು ಕೇಳಬಹುದು. ಪೂರ್ತಿ ಅಲ್ಲ. ಇಂಡಕ್ಟರ್ ಎಂದೂ ಒಂಟಿಯಾಗಿ ಬರುವುದಿಲ್ಲ. ಮದುವೆಗೆ ಬರುವ ದೊಡ್ಡಪ್ಪನಂತೆ ಇಬ್ಬರು ನೆಂಟರನ್ನು ಕರೆದುಕೊಂಡೇ ಬರುತ್ತದೆ. ಒಬ್ಬ ರೆಸಿಸ್ಟೆನ್ಸ್, ಇನ್ನೊಬ್ಬ ಕೆಪ್ಯಾಸಿಟೆನ್ಸ್. ಸರ್ಕೀಟಿನ ಚಿತ್ರದಲ್ಲಿ, ಅಂದರೆ ಲಗ್ನಪತ್ರಿಕೆಯಲ್ಲಿ, ಇಬ್ಬರ ಹೆಸರೂ ಇರುವುದಿಲ್ಲ. ಊಟಕ್ಕೆ ಎಲೆ ಮಾತ್ರ ಹಾಕಲೇಬೇಕು.

ಮೊದಲನೆಯವನನ್ನು ಮಲ್ಟಿಮೀಟರ್ ಹಿಡಿದು ಹುಡುಕಿದರೆ ಸಿಗುವುದಿಲ್ಲ. ಅಷ್ಟು ತಂತಿಯ ರೆಸಿಸ್ಟೆನ್ಸ್ 0.025 ಓಮ್‌ನಷ್ಟು, ಮೀಟರು ಸೊನ್ನೆ ಎಂದು ತೋರಿಸಿ ಸುಮ್ಮನಾಗುತ್ತದೆ. ಅದೇ ತಂತಿಯಲ್ಲಿ 7 ಮೆಗಾಹರ್ಟ್ಸ್ ಹರಿಸಿ ನೋಡಿ. ಆ ವೇಗಕ್ಕೆ ವಿದ್ಯುತ್ತು ತಾಮ್ರದ ಒಳಗೆ ಇಳಿಯುವುದೇ ಇಲ್ಲ, ಚರ್ಮದ ಮೇಲೆಯೇ ಓಡುತ್ತದೆ. ಸುಮಾರು 25 ಮೈಕ್ರಾನ್ ದಪ್ಪದ ಒಂದು ಪೊರೆಯಷ್ಟೇ ಕೆಲಸ ಮಾಡುವುದು. ಒಳಗಿನ ತಾಮ್ರಕ್ಕೆ ಸಂಬಳ ಸಿಗುತ್ತದೆ, ಕೆಲಸವಿಲ್ಲ. ಅದರ ಮೇಲೆ ಬಳೆಯೊಳಗಿನ ಕಬ್ಬಿಣದ ಪುಡಿಯೂ ತನ್ನ ಪಾಲು ಕೇಳುತ್ತದೆ. ಎಲ್ಲ ಸೇರಿ 0.3 ಓಮ್‌ನ ಸುಮಾರಿಗೆ ಬರುತ್ತದೆ. ಮೀಟರಿಗೆ ಕಾಣದ ಆ 0.025ರ ಹತ್ತು ಪಟ್ಟಿಗೂ ಮಿಕ್ಕಿ.

ಈ ಖರ್ಚಿನ ಲೆಕ್ಕವನ್ನು ಒಂದೇ ಅಂಕಿಯಲ್ಲಿ ಹೇಳಲು ‘ಕ್ಯೂ’ ಎಂಬುದೊಂದಿದೆ. ಕಾಯಿಲಿನ ಒಳ್ಳೆಯತನವನ್ನು ಅದರ ನಷ್ಟದಿಂದ ಭಾಗಿಸಿದರೆ ಬರುವ ಸಂಖ್ಯೆ. ನಮ್ಮ ಕೆಂಪು ಬಳೆಯದು ಚೆನ್ನಾಗಿ ಸುತ್ತಿದರೆ 200ರ ಆಸುಪಾಸು. 1920ರ ಸುಮಾರಿಗೆ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಕೆ.ಎಸ್. ಜಾನ್ಸನ್ ಈ ಅಕ್ಷರವನ್ನು ಆರಿಸಿಕೊಂಡದ್ದು ಬೇರೆ ಅಕ್ಷರಗಳೆಲ್ಲ ಆಗಲೇ ಒಂದೊಂದು ಕೆಲಸಕ್ಕೆ ಸೇರಿಬಿಟ್ಟಿದ್ದವು ಎಂಬ ಕಾರಣಕ್ಕೆ.

ಎರಡನೆಯ ನೆಂಟ ಇನ್ನೂ ಸೂಕ್ಷ್ಮ. ಒತ್ತಾಗಿ ಕೂತ ಅಕ್ಕಪಕ್ಕದ ಎರಡು ಸುತ್ತುಗಳ ನಡುವೆ ಎನಾಮಲ್ಲಿನಷ್ಟೇ ಅಂತರ. ಅದು ತಾನೇತಾನಾಗಿ ಒಂದು ಕೆಪ್ಯಾಸಿಟರ್. ಎಲ್ಲ ಸೇರಿದರೂ ಒಂದೆರಡು ಪಿಕೋಫ್ಯಾರಡ್. 7 ಮೆಗಾಹರ್ಟ್ಸಿನಲ್ಲಿ ಇವನ ಸದ್ದಿಲ್ಲ. ನೂರರ ಹತ್ತಿರ ಹೋದಾಗ ಮಾತ್ರ ಕಾಯಿಲೂ ಇವನೂ ಸೇರಿ ಅನುರಣಿಸುತ್ತಾರೆ, ಅದನ್ನೂ ದಾಟಿದರೆ ಕಾಯಿಲು ಪೂರ್ತಿ ಇವನ ಮಾತು ಕೇಳಿ ಕೆಪ್ಯಾಸಿಟರಾಗಿಬಿಡುತ್ತದೆ. ಎತ್ತರದ ಫ್ರೀಕ್ವೆನ್ಸಿಗಳನ್ನು ತಡೆಯಲೆಂದು ಬಾಗಿಲಲ್ಲಿ ನಿಲ್ಲಿಸಿದವನು, ತೀರ ಎತ್ತರದವರು ಬಂದಾಗ ಎದ್ದು ನಿಂತು ದಾರಿ ಬಿಡುತ್ತಾನೆ. 7ರ ಹದಿನಾಲ್ಕನೆಯ ಹಾರ್ಮೋನಿಕ್ ಯಾವುದು? 98 ಮೆಗಾಹರ್ಟ್ಸ್, ನಟ್ಟನಡುವೆ ಎಫ್‌ಎಂ ಪಟ್ಟಿಯಲ್ಲಿ. ಕಂಪ್ಯೂಟರಿನ ಗೆರೆ ಪಾತಾಳಕ್ಕೆ ಹೋದದ್ದು ಹಿಂದೆ ತಿರುಗಿ ನೋಡುವುದಿಲ್ಲ. ನಿಜವಾದ ಫಿಲ್ಟರಿನ ಗೆರೆ ಪಾತಾಳದ ತನಕ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಇದ್ದು, ಮತ್ತೆ ಮೇಲಕ್ಕೆ ಏರತೊಡಗುತ್ತದೆ.

ಫಿಲ್ಟರಿನ ವಂಶಾವಳಿಯನ್ನು ನೋಡಿದರೂ ಕಾಯಿಲು ಬಿಟ್ಟು ಮಾತಿಲ್ಲ. ದೂರದ ಟೆಲಿಫೋನ್ ತಂತಿಗಳಲ್ಲಿ ಮಾತು ಕುಗ್ಗದಿರಲೆಂದು ಅಲ್ಲಲ್ಲಿ ಕಾಯಿಲುಗಳನ್ನು ಕೂರಿಸುತ್ತಿದ್ದ ಕಾಲದಲ್ಲಿ, ಅಮೆರಿಕದ ಜಾರ್ಜ್ ಕ್ಯಾಂಬೆಲ್ ಹಾಗೆ ಕಾಯಿಲು ಹೊತ್ತ ತಂತಿ ಒಂದು ಮಟ್ಟದ ಮೇಲಿನ ಫ್ರೀಕ್ವೆನ್ಸಿಗಳನ್ನು ಬಿಡುವುದೇ ಇಲ್ಲ ಎಂಬುದನ್ನು ಗಮನಿಸಿದ್ದರು. ತೊಂದರೆ ಅಂದುಕೊಂಡದ್ದೇ ಉಪಕಾರವಾಯಿತು. 1915ರಲ್ಲಿ ಅವರೂ, ಜರ್ಮನಿಯಲ್ಲಿ ಕಾರ್ಲ್ ವಿಲ್ಲಿ ವಾಗ್ನರ್ ಬೇರೆಯಾಗಿಯೂ, ತರಂಗ ಫಿಲ್ಟರನ್ನು ಕಂಡುಹಿಡಿದರು. ಒಂದು ಜಾತಿಯ ಫಿಲ್ಟರಿಗೆ ಹೆಸರಿಟ್ಟುಕೊಂಡು ನಾವು ದಿನ ಬೆಳಗಾದರೆ ನೆನೆಯುವ ಚೆಬಿಶೇವ್ ಮಹಾಶಯರಿಗಾದರೋ ಫಿಲ್ಟರಿನ ಗಂಧವೂ ಇರಲಿಲ್ಲ. ಆ ರಷ್ಯನ್ ಗಣಿತಜ್ಞರು ತಲೆ ಕೆಡಿಸಿಕೊಂಡಿದ್ದು ಉಗಿಯಂತ್ರದ ಸರಳುಗಳ ಬಗ್ಗೆ. ಆ ಸರಳುಗಳ ತುದಿ ಆದಷ್ಟು ನೇರ ಗೆರೆಯಲ್ಲಿ ಓಡಬೇಕು, ತಪ್ಪಿದರೂ ತಪ್ಪು ಎಲ್ಲ ಕಡೆ ಸಮನಾಗಿ ಹಂಚಿಹೋಗಬೇಕು ಎಂದು. 1894ರಲ್ಲಿ, ರೇಡಿಯೊ ಕಣ್ಣು ಬಿಡುತ್ತಿದ್ದ ಹೊತ್ತಿನಲ್ಲಿ, ಅವರು ತೀರಿಕೊಂಡರು.

ನನಗೆ ಇಷ್ಟವಾದವರು ಸ್ಟೀಫನ್ ಬಟರ್‌ವರ್ತ್. ಇಂಗ್ಲೆಂಡಿನ ಭೌತವಿಜ್ಞಾನಿ. ಎಲ್ಲಕ್ಕಿಂತ ಮಟ್ಟಸವಾದ, ಒಂದು ಅಲೆಯೂ ಏಳದ ಫಿಲ್ಟರಿಗೆ ಇಂದಿಗೂ ಅವರದೇ ಹೆಸರು. ಅದನ್ನು ವಿವರಿಸಿದ ಅವರ ಲೇಖನ ಬಂದದ್ದು 1930ರಲ್ಲಿ. ಇಷ್ಟು ನಯವಾದ ಗೆರೆಯನ್ನು ಕಲ್ಪಿಸಿದವರು ಕಾಗದ ಬಿಟ್ಟು ಏಳದ ಆದರ್ಶವಾದಿಯಾಗಿರಬೇಕು ಎಂದು ನಾನೂ ಅಂದುಕೊಂಡಿದ್ದೆ. ನೋಡಿದರೆ, ಅದಕ್ಕೂ ನಾಲ್ಕು ವರ್ಷ ಮೊದಲು, 1926ರಲ್ಲಿ, ಅವರು ಬರೆದ ಲೇಖನಮಾಲೆಯ ವಿಷಯ ರೇಡಿಯೊ ಫ್ರೀಕ್ವೆನ್ಸಿಯಲ್ಲಿ ಕಾಯಿಲುಗಳ ರೆಸಿಸ್ಟೆನ್ಸ್! ತಂತಿ ಎಷ್ಟು ದಪ್ಪವಿದ್ದರೆ, ಸುತ್ತುಗಳ ನಡುವೆ ಎಷ್ಟು ಜಾಗ ಬಿಟ್ಟರೆ ಎಷ್ಟು ನಷ್ಟ ಎಂಬುದನ್ನೆಲ್ಲ ಕೂತು ಗುಣಿಸಿದ್ದರು. ಕಾಯಿಲಿನ ಗುಟ್ಟೆಲ್ಲ ತಿಳಿದವರೇ ಮಟ್ಟಸ ಗೆರೆ ಬರೆದದ್ದು. ತಾವೇ ಮಾಡಿಕೊಂಡ ಫಿಲ್ಟರಿನ ಕಾಯಿಲುಗಳು ಮೂರು ಅಂಗುಲ ಉದ್ದ, ಒಂದೂಕಾಲು ಅಂಗುಲ ವ್ಯಾಸ. ಜೊತೆಯ ಕೆಪ್ಯಾಸಿಟರು, ರೆಸಿಸ್ಟರುಗಳನ್ನು ಸುರುಳಿಯ ಹೊಟ್ಟೆಯೊಳಗೇ ಇಟ್ಟಿದ್ದರು. ನೆಂಟರಿಗೆ ಒಳಮನೆಯಲ್ಲೇ ಎಲೆ ಹಾಕಿದವರು.

ಹಾರ್ಮೋನಿಕ್ ತಡೆಯುವ ಫಿಲ್ಟರಿನಲ್ಲಿ ಈ ನೆಂಟರ ಕಾಟ ಅಷ್ಟಿಲ್ಲ. ನೂರಕ್ಕೆ ಒಂದೆರಡು ಪಾಲು ಶಕ್ತಿ ಶಾಖವಾಗಿ ಹೋದೀತು. ರಿಸೀವರಿನ ಬಾಗಿಲಲ್ಲಿ ಕೂರುವ ಬ್ಯಾಂಡ್‌ಪಾಸ್ ಫಿಲ್ಟರಿನ ಕತೆ ಬೇರೆ. 7.0ಯಿಂದ 7.2ರ ತನಕ ಬಿಡು, ಆಚೀಚಿನವರನ್ನು ತಡೆ ಎಂದರೆ 200 ಕಿಲೋಹರ್ಟ್ಸಿನ ಸಣ್ಣ ಓಣಿ. ಕಾಯಿಲೂ ಕೆಪ್ಯಾಸಿಟರೂ ಸೇರಿದ ಎರಡು ಅನುರಣಕಗಳಿಂದ ಅದನ್ನು ಕಟ್ಟಿದರೆ, ಕ್ಯೂ 200ರ ಕಾಯಿಲಿನಲ್ಲಿ 2 ಡೆಸಿಬೆಲ್‌ಗೂ ಸ್ವಲ್ಪ ಹೆಚ್ಚು ನಷ್ಟ. ಬಂದ ಸಿಗ್ನಲ್ಲಿನಲ್ಲಿ ನೂರಕ್ಕೆ ನಲವತ್ತು ಪಾಲು ಬಾಗಿಲಲ್ಲೇ ಖರ್ಚು. ಇನ್ನೂ ಬಿಗಿಯಾಗಿರಲಿ ಎಂದು ಮೂರು ಹಾಕಿದರೆ 3 ಡೆಸಿಬೆಲ್, ಅರ್ಧಕ್ಕರ್ಧ ಹೋಯಿತು. ಕ್ಯೂ 100ರ ಅಗ್ಗದ ಕಾಯಿಲಾದರೆ ಈ ನಷ್ಟಗಳೆಲ್ಲ ಇಮ್ಮಡಿ. ಜೊತೆಗೆ ಗೆರೆಯ ಎರಡು ಭುಜಗಳೂ ಸವೆದು ದುಂಡಗಾಗುತ್ತವೆ.

ನಮ್ಮಲ್ಲೊಬ್ಬ ಹಿರಿಯ ಹ್ಯಾಮ್ ಇದ್ದಾರೆ, ವಾಲ್ವ್ ಕಾಲದವರು. ಇಂಥದೊಂದು ಫಿಲ್ಟರಿನ ಲೆಕ್ಕ ಹಿಡಿದು ಯಾರಾದರೂ ಹೋದರೆ ಕನ್ನಡಕ ಏರಿಸಿ ನೋಡಿ, ‘ಅಲ್ಲಯ್ಯಾ, ಕಂಪ್ಯೂಟರನ್ನ ಕೇಳಿದೆ ಸರಿ, ಕಾಯಿಲನ್ನ ಕೇಳಿದೆಯಾ?’ ಎನ್ನುತ್ತಾರೆ. ಅವರ ಪದ್ಧತಿಯಲ್ಲಿ ಮೊದಲು ಕಾಯಿಲು ಸುತ್ತಬೇಕು, ಅದರ ಕ್ಯೂ ಅಳೆಯಬೇಕು, ಆ ಅಂಕಿಯನ್ನು ಕಂಪ್ಯೂಟರಿಗೆ ಕೊಟ್ಟು, ಆಮೇಲೆ ಓಣಿ ಎಷ್ಟು ಸಣ್ಣದಿರಬಹುದು ಎಂದು ಕೇಳಬೇಕು. ಇದು ಹಳೆಕಾಲದವರ ಹಟವೇನಲ್ಲ. ನಷ್ಟವಿರುವ ಕಾಯಿಲುಗಳಿಂದಲೇ ಬೇಕಾದ ಆಕಾರ ಪಡೆಯುವುದು ಹೇಗೆಂದು 1939ರಲ್ಲಿ ಸಿಡ್ನಿ ಡಾರ್ಲಿಂಗ್ಟನ್ ತೋರಿಸಿದ್ದರು. 1949ರಲ್ಲಿ ಮಿಲ್ಟನ್ ಡಿಶಾಲ್ ಅದನ್ನೇ ಬ್ಯಾಂಡ್‌ಪಾಸ್ ಫಿಲ್ಟರಿಗೆ ಬಗೆಹರಿಸಿಕೊಟ್ಟರು. ಸಿಗ್ನಲ್ ಒಟ್ಟಾರೆ ಸ್ವಲ್ಪ ಕುಗ್ಗುತ್ತದೆ, ಭುಜಗಳು ಮಾತ್ರ ನೆಟ್ಟಗೆ ಉಳಿಯುತ್ತವೆ. ಆ ಕುಗ್ಗಿದ್ದನ್ನು ಒಂದು ಟ್ರಾನ್ಸಿಸ್ಟರ್ ಎತ್ತಿಕೊಡುತ್ತದೆ. ಎಷ್ಟು ಹೋಗುತ್ತದೆಂದು ಮೊದಲೇ ಗೊತ್ತಿದ್ದರೆ ಅದಕ್ಕೆ ನಷ್ಟ ಎಂದು ಹೆಸರಿಲ್ಲ, ಖರ್ಚು ಎಂದು ಹೆಸರು.

ಕಾಯಿಲುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ ಎಂಬುದು ಇನ್ನೊಂದು ಪೀಕಲಾಟ. ಗಾಳಿಯಲ್ಲಿ ಸುತ್ತಿದ ಎರಡು ಸುರುಳಿಗಳನ್ನು ಒಂದರ ಪಕ್ಕ ಒಂದು ಮಲಗಿಸಿದರೆ, ಸಿಗ್ನಲ್ಲು ನಡುವಿನ ಬಿಡಿಭಾಗಗಳನ್ನೆಲ್ಲ ಹಾರಿ ಈ ಕಾಯಿಲಿನಿಂದ ಆ ಕಾಯಿಲಿಗೆ ನೇರವಾಗಿ ಹೋಗಿಬಿಡುತ್ತದೆ. ಅದಕ್ಕೇ ಒಂದನ್ನು ಅಡ್ಡ, ಒಂದನ್ನು ನೆಟ್ಟಗೆ ಕೂರಿಸುವುದು. ಟೊರಾಯ್ಡಿನ ದೊಡ್ಡ ಗುಣವೆಂದರೆ ತನ್ನ ಕಾಂತಕ್ಷೇತ್ರವನ್ನು ಬಹುಪಾಲು ಬಳೆಯೊಳಗೇ ಇಟ್ಟುಕೊಳ್ಳುತ್ತದೆ, ಬೀದಿಗೆ ಹಾಕುವುದಿಲ್ಲ.

ಆ ಟೊರಾಯ್ಡೇ ಊರಿನಲ್ಲಿ ಸಿಗದಿದ್ದರೆ? ಹೈದರಾಬಾದಿನ ಅಶರ್ ಫರ್ಹಾನ್ ಬಿಟ್‌ಎಕ್ಸ್ ಎಂಬ ಟ್ರಾನ್ಸೀವರನ್ನು ನಮ್ಮ ದೇಶದ ಹ್ಯಾಮ್‌ಗಳಿಗೆಂದು ರೂಪಿಸಿದಾಗ ಇದಕ್ಕೊಂದು ಉಪಾಯ ಹೂಡಿದರು. ನಲ್ಲಿಯ ವಾಷರ್! ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆಗೆ ಸಿಗುವ ವಾಷರಿನ ಮೇಲೆ ತಂತಿ ಸುತ್ತಿದರೆ ಕಾಯಿಲು ಸಿದ್ಧ. ಅದರಲ್ಲಿ ಕಬ್ಬಿಣವಿಲ್ಲ, ಆದ್ದರಿಂದ ಸುತ್ತು ಹೆಚ್ಚು ಬೇಕು. ಆದರೆ ವಾಷರ್ ಸಿಗದ ಊರಿಲ್ಲ. ಬಿಟ್‌ಎಕ್ಸ್ ಲೋಕದ ತುಂಬ ಹಬ್ಬಿತು. ನಲ್ಲಿ ಸೋರುತ್ತಿದೆ, ವಾಷರ್ ತಂದುಕೊಡಿ ಎಂದು ಮನೆಯವರು ಹೇಳಿದ್ದನ್ನು ಒಂದೇ ಸಲಕ್ಕೆ ನೆನಪಿಟ್ಟುಕೊಂಡು ತರುವ ಗಂಡಸರು ಯಾರಾದರೂ ಇದ್ದರೆ ಅವರು ಹ್ಯಾಮ್‌ಗಳೇ. ತಂದ ಎರಡು ವಾಷರುಗಳಲ್ಲಿ ನಲ್ಲಿಗೆ ಎಷ್ಟು ಸೇರುತ್ತವೆ ಎಂಬುದು ಬೇರೆ ಪ್ರಶ್ನೆ.

ಕಾಯಿಲಿನ ಸಹವಾಸವೇ ಬೇಡವೆಂದು ಓಡಿಹೋದವರೂ ಉಂಟು. 1948ರಲ್ಲಿ ಹಾಲೆಂಡಿನ ಬರ್ನಾರ್ಡ್ ಟೆಲ್ಲೆಗನ್ ಜೈರೇಟರ್ ಎಂಬುದನ್ನು ಮುಂದಿಟ್ಟರು. ಅದರ ಒಂದು ಕಡೆ ಕೆಪ್ಯಾಸಿಟರ್ ಕಟ್ಟಿದರೆ ಇನ್ನೊಂದು ಕಡೆಯಿಂದ ಅದು ಇಂಡಕ್ಟರಾಗಿ ಕಾಣುತ್ತದೆ. ಕ್ವಾರ್ಟ್ಸ್ ಹರಳುಗಳ ಮೊರೆ ಹೋದವರೂ ಉಂಟು. ಅವುಗಳ ಕ್ಯೂ ಹತ್ತಾರು ಸಾವಿರ. ನಿಮ್ಮ ಜೇಬಿನ ಮೊಬೈಲಿನಲ್ಲಿ ಹತ್ತಾರು ಫಿಲ್ಟರುಗಳಿವೆ, ಬಹುಪಾಲು ಹರಳಿನ ಮೈಯಲ್ಲಿ ಶಬ್ದದಂತೆ ಅಲೆ ಹರಿಸಿ ಕೆಲಸ ಮಾಡುವಂಥವು. ಟ್ರಾನ್ಸಿಸ್ಟರು ಕುಗ್ಗಿತು, ಮೆಮೊರಿ ಕುಗ್ಗಿತು. ಕಾಯಿಲು ಮಾತ್ರ ಒಪ್ಪಲಿಲ್ಲ. ಅದು ಶಕ್ತಿಯನ್ನು ಕಾಂತಕ್ಷೇತ್ರದಲ್ಲಿ ಇಟ್ಟುಕೊಳ್ಳುತ್ತದೆ, ಕ್ಷೇತ್ರಕ್ಕೆ ಜಾಗ ಬೇಕು. ಚಿಪ್ಪಿನ ಮೇಲೆ ಚಪ್ಪಟೆಯಾಗಿ ಸುರುಳಿ ಬರೆದರೆ ಅದರ ಕ್ಯೂ ಸಾಮಾನ್ಯವಾಗಿ ಹತ್ತರ ಆಸುಪಾಸಿನಲ್ಲೇ ಒದ್ದಾಡುತ್ತದೆ. ಅರ್ಧ ಅಂಗುಲದ ಕೆಂಪು ಬಳೆ 200 ಎಂದು ಮೀಸೆ ತಿರುವುತ್ತದೆ.

ಹಾಗಾಗಿ ಉಗುರಿನ ಕೆಲಸ ಇನ್ನೂ ಮುಗಿದಿಲ್ಲ. ಈಗ ಅಳೆಯುವುದೇನೋ ಸುಲಭ. ಜಪಾನಿನ ಹವ್ಯಾಸಿಯೊಬ್ಬರು ರೂಪಿಸಿದ ನ್ಯಾನೊ ವಿಎನ್‌ಎ ಅಂಗೈಯಗಲದ ಉಪಕರಣ, ಬೆಲೆಯೂ ಕೈಗೆಟಕುವಂಥದು. ಕಾಯಿಲಿಗೆ 100 ಪಿಕೋಫ್ಯಾರಡ್ ಸೇರಿಸಿ ಅದಕ್ಕೆ ತೋರಿಸಿದರೆ, ಎಲ್ಲಿ ಅನುರಣಿಸಿತೆಂದು ಪರದೆಯ ಮೇಲೆ ಒಂದು ತಗ್ಗು ಮೂಡುತ್ತದೆ. 13.5 ಮೆಗಾಹರ್ಟ್ಸಿನ ಹತ್ತಿರ ಬಂದರೆ ನಮ್ಮ 1.38 ಸಿಕ್ಕಿತು. ಒಂದು ಸುತ್ತನ್ನು ಕೂದಲೆಳೆಯಷ್ಟು ಸರಿಸಿದರೆ ತಗ್ಗು ಎಡಕ್ಕೋ ಬಲಕ್ಕೋ ಜಾರುತ್ತದೆ. ಸರಿ ಬಂತೆಂದು ಒಂದು ಹನಿ ಮೇಣ ಬಿಟ್ಟರೆ, ಆ ಮೇಣವೂ ಸುತ್ತುಗಳ ನಡುವೆ ಕೂತು ತನ್ನದೊಂದಿಷ್ಟು ಕೆಪ್ಯಾಸಿಟೆನ್ಸ್ ಸೇರಿಸಿ ತಗ್ಗನ್ನು ಮತ್ತೆ ಚೂರು ಜಾರಿಸುತ್ತದೆ. ಬಲ್ಲವರು ಅದನ್ನೂ ಲೆಕ್ಕಕ್ಕಿಟ್ಟು ಮೊದಲೇ ಒಂದಿಷ್ಟು ಬಲಕ್ಕೆ ನಿಲ್ಲಿಸಿರುತ್ತಾರೆ.

ಹ್ಯಾಮ್‌ಗಳು ಒಬ್ಬರಿಗೊಬ್ಬರು ಕೊಡುವ ಸರ್ಕೀಟುಗಳನ್ನು ಗಮನಿಸಿ. ರೆಸಿಸ್ಟರಿನ ಪಕ್ಕ ಓಮ್, ಕೆಪ್ಯಾಸಿಟರಿನ ಪಕ್ಕ ಪಿಕೋಫ್ಯಾರಡ್. ಕಾಯಿಲಿನ ಪಕ್ಕ ಎಷ್ಟೋ ಸಲ ಮೈಕ್ರೋಹೆನ್ರಿಯೇ ಇರುವುದಿಲ್ಲ. ‘17 ಸುತ್ತು, 24 ಗೇಜ್, ಕೆಂಪು ಟಿ50’ ಎಂದಷ್ಟೇ ಬರೆದಿರುತ್ತದೆ. ಮಿಕ್ಕವಕ್ಕೆ ಬೆಲೆ ಹೇಳಿದರೆ ಸಾಕು; ಇದಕ್ಕೆ ಮಾತ್ರ ಮಾಡುವ ಕ್ರಮವನ್ನೇ ಹೇಳಬೇಕು. ಬುದ್ಧಿವಂತರಾದರೆ ಪಕ್ಕದಲ್ಲಿ ಇನ್ನೂ ಒಂದು ಮಾತು ಸೇರಿಸಿರುತ್ತಾರೆ: ‘ಅಳೆದು ಸರಿಸಿಕೊಳ್ಳಿ.’ ನಾನು ಕಂಡ ವಿನ್ಯಾಸದ ಪಾಠಗಳಲ್ಲಿ ಇದಕ್ಕಿಂತ ಚಿಕ್ಕದೂ ಇಲ್ಲ, ಇದಕ್ಕಿಂತ ಪ್ರಾಮಾಣಿಕವಾದದ್ದೂ ಇಲ್ಲ.